ಪಕ್ಕದೂರಿನ ಸಂತೆಗೆ ಹೋಗೋಕೂ ನ್ಯಾಷನಲ್ ಪರ್ಮಿಟ್ಟಾ?

ರಾಯದುರ್ಗದವರಿಗೆ ಅನಂತಪುರಕ್ಕಿಂತ ಬಳ್ಳಾರಿ ಹತ್ತಿರ. ಜತ್ತದವರಿಗೆ ಸಾಂಗ್ಲಿಗಿಂತ ವಿಜಯಪುರ ಹತ್ತಿರ. ತಾಳವಾಡಿಯವರ ಜಿಲ್ಲಾ ಕೇಂದ್ರ ಈರೋಡು ಘಟ್ಟ ಇಳಿದು ನೂರು ಕಿಲೋಮೀಟರ್ ಆಚೆಗಿದೆ, ಚಾಮರಾಜನಗರ ಮಾತ್ರ ಪಕ್ಕದ ಮನೆಯ ಹಾಗೆ. ಮಡಕಶಿರಾದಿಂದ ಮೂರು ದಿಕ್ಕಿಗೆ ಹೊರಟರೂ ಸಿಗೋದು ಕರ್ನಾಟಕವೇ. ಕಾಸರಗೋಡಿನ ಅಡಿಕೆ ಮಂಗಳೂರಿನ ಮಂಡಿಗೆ ಹೋಗೋದು ನಿನ್ನೆ ಮೊನ್ನೆ ಶುರುವಾದದ್ದಲ್ಲ, 1956ರಲ್ಲಿ ಗೆರೆ ಎಳೆಯುವುದಕ್ಕೂ ಮುಂಚಿನದು. ನಮ್ಮ ಸಂತೆ, ಆಸ್ಪತ್ರೆ, ಬೀಗರ ಮನೆ ಎಲ್ಲವೂ ಗೆರೆಯ ಆಚೆಗೇ ಇವೆ.

ಹಾಗಾಗಿ ನಮ್ಮ ಹುಡುಗರು ಸಾಲ ಮಾಡಿ ಒಂದು ಪಿಕಪ್ಪೋ ಮಿನಿ ಲಾರಿಯೋ ತಗೊಂಡ್ರೆ, ಮೊದಲ ದಿನದಿಂದಲೇ ಅದು ಕಾನೂನಿನ ಲೆಕ್ಕದಲ್ಲಿ "ಹೊರರಾಜ್ಯದ ಸರಕು ಸಾಗಣೆ ವಾಹನ" ಆಗಿಬಿಡುತ್ತದೆ. ಶೋರೂಮಿನವನು ಕಂತಿನ ಲೆಕ್ಕ ಹೇಳ್ತಾನೆ, ಮೈಲೇಜ್ ಹೇಳ್ತಾನೆ. ಪರ್ಮಿಟ್ ವಿಷಯ ಬಂದರೆ "ಅದೆಲ್ಲ ಏಜೆಂಟ್ ನೋಡ್ಕೋತಾನೆ ಬಿಡಿ" ಅಂತಾನೆ. ಏಜೆಂಟ್ ನೋಡಿಕೊಳ್ಳುವುದು ತನ್ನ ಕಮಿಷನ್ ಅನ್ನು. ಸಿಕ್ಕಿಬಿದ್ದ ದಿನ ಗಾಡಿಯ ಪಕ್ಕ ನಿಂತಿರುವುದು ನೀವು.

ನಿಮ್ಮ ಗಾಡಿಯ ಆರ್‌ಸಿ ಒಮ್ಮೆ ತೆಗೆದು ನೋಡಿ. ಅದರಲ್ಲಿ ಗಾಡಿಯ ಒಟ್ಟು ತೂಕ ಅಂತ ಒಂದು ಅಂಕಿ ಇರುತ್ತೆ. ಅಂದರೆ ಖಾಲಿ ಗಾಡಿ ಮತ್ತು ಅದು ಹೊರಬಹುದಾದ ಪೂರ್ತಿ ಲೋಡು, ಎರಡೂ ಸೇರಿ. ಈ ಅಂಕಿ 3,000 ಕಿಲೋ ಮೀರದಿದ್ದರೆ ಮೋಟಾರು ವಾಹನ ಕಾಯ್ದೆ 1988ರ 66ನೇ ಕಲಂ ಪ್ರಕಾರ ಸರಕು ಗಾಡಿಗೆ ಪರ್ಮಿಟ್ಟೇ ಬೇಡ. ಸ್ವಂತ ರಾಜ್ಯದಲ್ಲೂ ಬೇಡ, ಪಕ್ಕದ ರಾಜ್ಯದಲ್ಲೂ ಬೇಡ. ಚಿಕ್ಕ ಗಾಡಿ ಇಟ್ಟುಕೊಂಡ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ. ಇಲ್ಲದ ಪರ್ಮಿಟ್ಟಿಗೆ ಅಂತ "ಏನಾದ್ರೂ ಕೊಟ್ಟು ಹೋಗಪ್ಪ" ಅನ್ನಿಸಿಕೊಂಡು ಕೊಟ್ಟು ಬರ್ತಾರೆ. ಇದರ ಉಲ್ಟಾ ಕಥೆಯೂ ಇದೆ. ನೋಡೋಕೆ ಒಂದೇ ಥರ ಇರುವ ಪಿಕಪ್‌ಗಳಲ್ಲಿ ಒಂದು ಮಾಡೆಲ್ 3,000ದ ಒಳಗಿದ್ದರೆ ಇನ್ನೊಂದು ಅದನ್ನು ದಾಟಿರುತ್ತದೆ. "ನಮ್ಮ ಪಕ್ಕದ ಮನೆಯವನು ಪರ್ಮಿಟ್ ಇಲ್ದೇ ಓಡಿಸ್ತಾನೆ, ನಾನೂ ಓಡಿಸ್ತೀನಿ" ಅಂದರೆ ನಡೆಯೋದಿಲ್ಲ, ಅವನ ಆರ್‌ಸಿ ಬೇರೆ, ನಿಮ್ಮದು ಬೇರೆ. ಇನ್ನೊಂದು ಮಾತು: ಪರ್ಮಿಟ್ ಬೇಡ ಅಂದ್ರೆ ಎಫ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್, ತೆರಿಗೆ ಬೇಡ ಅಂತಲ್ಲ. ವಾಹನ ತೆರಿಗೆ ಸಂವಿಧಾನದ ಪ್ರಕಾರ ರಾಜ್ಯಗಳ ಕೈಲಿದೆ, ಒಂದೊಂದು ರಾಜ್ಯದ್ದು ಒಂದೊಂದು ಲೆಕ್ಕ.

3,000 ದಾಟಿದ ಗಾಡಿಯ ಮಾತಿಗೆ ಬರೋಣ. ನಿಜವಾದ ತಲೆನೋವು ಇರೋದು ಇಲ್ಲೇ.

ನಿಮ್ಮ ರಾಜ್ಯದ ಆರ್‌ಟಿಒ ಕೊಟ್ಟ ಪರ್ಮಿಟ್ ಗೆರೆಯ ಆಚೆ ನಡೆಯೋದಿಲ್ಲ. ಆಚೆ ರಾಜ್ಯದ ಸಾರಿಗೆ ಪ್ರಾಧಿಕಾರ ಅದಕ್ಕೆ ಕೌಂಟರ್‌ಸೈನ್ ಮಾಡಬೇಕು ಅಂತ 88ನೇ ಕಲಂ ಹೇಳುತ್ತೆ. ಹೀಗೆ ಎಷ್ಟು ಪರ್ಮಿಟ್ಟಿಗೆ ಸಹಿ ಹಾಕಬೇಕು ಅನ್ನೋದನ್ನು ಎರಡು ರಾಜ್ಯಗಳು ಕೂತು ಒಪ್ಪಂದ ಮಾಡಿಕೊಳ್ಳಬಹುದು. ಇದು ಬೇಡ ಅಂದ್ರೆ ನ್ಯಾಷನಲ್ ಪರ್ಮಿಟ್. 2010ಕ್ಕೆ ಮುಂಚೆ ಇದನ್ನು ರಾಜ್ಯಗಳ ಲೆಕ್ಕದಲ್ಲಿ ತಗೋಬೇಕಿತ್ತು. ಸ್ವಂತ ರಾಜ್ಯ ಸೇರಿ ಕನಿಷ್ಠ ನಾಲ್ಕು ರಾಜ್ಯ, ಒಂದೊಂದಕ್ಕೂ ಬೇರೆ ಬೇರೆ ಶುಲ್ಕ. 2010ರ ಮೇ ತಿಂಗಳಿಂದ ಇಡೀ ದೇಶಕ್ಕೆ ಒಂದೇ ಶುಲ್ಕ ಬಂತು. ಮೊದಲು ವರ್ಷಕ್ಕೆ 15,000 ರೂಪಾಯಿ ಇತ್ತು, ಆಮೇಲೆ 16,500 ಆಯಿತು, ಅದರ ಮೇಲೆ ಅಧಿಕಾರಪತ್ರಕ್ಕೆ 1,000. ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಓಡುವ ಹತ್ತು ಚಕ್ರದ ಲಾರಿಗೆ ಇದು ದೊಡ್ಡ ವರ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಕಾಯ್ದೆಯ ಮಾತನ್ನೇ ಗಮನಿಸಿ. ನ್ಯಾಷನಲ್ ಪರ್ಮಿಟ್ ಕೊಡುವುದು "ದೂರದ" ಅಂತರರಾಜ್ಯ ಸಾಗಣೆಗೆ ಉತ್ತೇಜನ ಕೊಡೋಕೆ ಅಂತ ಅಲ್ಲೇ ಬರೆದಿದೆ. ಹೊಸೂರಿನಿಂದ ಅತ್ತಿಬೆಲೆಗೆ ಟೊಮೆಟೊ ಕ್ರೇಟ್ ಒಯ್ಯುವುದು ಯಾವ ದೂರ? ತಿಂಗಳಿಗೆ ಹತ್ತು ಸಲ ಗಡಿ ದಾಟುವವನಿಗೆ ಈ 17,500 ರೂಪಾಯಿ ಒಂದು ಟ್ರಿಪ್ಪಿಗೆ 146ರಷ್ಟು ಬೀಳುತ್ತೆ, ಹೇಗೋ ತಡೆದುಕೊಳ್ಳಬಹುದು. ಹತ್ತಿಯ ಕಾಲದಲ್ಲಿ ಮೂರು ತಿಂಗಳು ಮಾತ್ರ ಆದವಾನಿಯಿಂದ ಈಚೆಗೆ ಬರುವವನು? ಮೂವತ್ತು ಟ್ರಿಪ್ಪಿಗೆ ಅಷ್ಟೇ ದುಡ್ಡು, ಟ್ರಿಪ್ಪಿಗೆ 580ರ ಮೇಲೆ. ಬಾಡಿಗೆಯಲ್ಲಿ ಡೀಸೆಲ್ ಕಳೆದು ಅವನಿಗೆ ಉಳಿಯುವುದೇ ಅಷ್ಟು. ಹಳೇ ಗಾಡಿ ತಗೊಂಡವನಿಗೆ ಆ ದಾರಿಯೂ ಇಲ್ಲ. ಮಲ್ಟಿ ಆಕ್ಸಲ್ ಅಲ್ಲದ ಗಾಡಿಗೆ 12 ವರ್ಷ ದಾಟಿದ ಮೇಲೆ ನ್ಯಾಷನಲ್ ಪರ್ಮಿಟ್ ಕೊಡೋದಿಲ್ಲ. ನಮ್ಮ ಕಡೆ ಹುಡುಗರು ಶುರು ಮಾಡೋದೇ ಸೆಕೆಂಡ್ ಹ್ಯಾಂಡ್ ಗಾಡಿಯಿಂದ.

ನ್ಯಾಷನಲ್ ಪರ್ಮಿಟ್ ಇದ್ದವರೂ ಒಂದು ಕಡೆ ಎಡವುತ್ತಾರೆ. ಪರರಾಜ್ಯದ ಒಳಗೆ ಒಂದು ಊರಲ್ಲಿ ಲೋಡು ಹತ್ತಿಸಿ ಅದೇ ರಾಜ್ಯದ ಇನ್ನೊಂದು ಊರಲ್ಲಿ ಇಳಿಸುವಂತಿಲ್ಲ. ಅಕ್ಕಲಕೋಟೆಯ ಎಂಎಚ್ 13 ಗಾಡಿ ಕಲಬುರಗಿಗೆ ಸರಕು ತಂದು ಇಳಿಸಬಹುದು, ಕಲಬುರಗಿಯಿಂದ ತೊಗರಿ ತುಂಬಿಕೊಂಡು ಸೊಲ್ಲಾಪುರಕ್ಕೆ ಹೋಗಬಹುದು. ಕಲಬುರಗಿಯಲ್ಲಿ ತುಂಬಿ ವಿಜಯಪುರದಲ್ಲಿ ಇಳಿಸಿದರೆ ತಪ್ಪು. ಕಾಸರಗೋಡಿನ ಕೆಎಲ್ 14 ಗಾಡಿ ಮಂಗಳೂರಲ್ಲಿ ಖಾಲಿಯಾಗಿ ವಾಪಸ್ ಬರುವಾಗ ಯಾರೋ ಪರಿಚಯದವರು "ಉಳ್ಳಾಲದಲ್ಲಿ ಇಳಿಸಿ ಹೋಗು ಮಾರಾಯ, ಹೇಗೂ ದಾರಿಯಲ್ಲೇ ಅಲ್ವಾ" ಅಂತ ನಾಲ್ಕು ಮೂಟೆ ಹಾಕಿಸ್ತಾರೆ. ದಾಕ್ಷಿಣ್ಯಕ್ಕೆ ಹಾಕಿಕೊಂಡ ಆ ನಾಲ್ಕು ಮೂಟೆಯೇ ಪರ್ಮಿಟ್ ಷರತ್ತಿನ ಉಲ್ಲಂಘನೆ.

ಸಿಕ್ಕಿಬಿದ್ರೆ ಏನಾಗುತ್ತೆ? 2019ರ ಸೆಪ್ಟೆಂಬರ್ ತಿಂಗಳಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಪರ್ಮಿಟ್ ಇಲ್ಲದೆ ಅಥವಾ ಅದರ ಷರತ್ತು ಮೀರಿ ಓಡಿಸಿದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು, ಗಾಡಿ ಹಿಡಿದಿಟ್ಟುಕೊಳ್ಳೋಕೂ ಅಧಿಕಾರವಿದೆ. ಓವರ್‌ಲೋಡಿಗೆ 20,000, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಹತ್ತು ಸಾವಿರ ಅಂದ ಕೂಡಲೇ ನಮ್ಮವರು ಲೆಕ್ಕ ಹಾಕ್ತಾರೆ: "ವರ್ಷಕ್ಕೆ ಒಂದ್ಸಲ ಸಿಕ್ಕಿಬಿದ್ದರೂ ಪರ್ಮಿಟ್ಟಿಗಿಂತ ಅಗ್ಗ". ಈ ಲೆಕ್ಕವೇ ಮನೆ ಹಾಳು ಮಾಡುವ ಲೆಕ್ಕ. ಯಾಕೆ ಅಂತ ಹೇಳ್ತೀವಿ, ಸ್ವಲ್ಪ ಗಮನ ಇಟ್ಟು ಓದಿ.

ಗಾಡಿ ಯಾರಿಗಾದರೂ ತಾಗಿತು, ಜೀವ ಹೋಯಿತು ಅಂದುಕೊಳ್ಳಿ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದೆ, ಕಂತು ಕಟ್ಟಿದ್ದೀರಿ, ಕಂಪನಿ ಪರಿಹಾರ ಕೊಡುತ್ತೆ ಅಂತ ಧೈರ್ಯವಾಗಿರ್ತೀರಿ. 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಲಾರಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ಸಾರ್ವಜನಿಕ ರಸ್ತೆಯಲ್ಲಿ ಪರ್ಮಿಟ್ ಇಲ್ಲದೆ ಗಾಡಿ ಓಡಿಸುವುದು ಸಣ್ಣಪುಟ್ಟ ಲೋಪವಲ್ಲ, ಕಾನೂನಿನ ಮೂಲಭೂತ ಉಲ್ಲಂಘನೆ. ಆ ಪ್ರಕರಣದಲ್ಲಿ ವಿಮಾ ಕಂಪನಿ ಸತ್ತವರ ಮನೆಯವರಿಗೆ ಮೊದಲು ಹಣ ಕೊಟ್ಟು, ಆಮೇಲೆ ಅದನ್ನು ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಬಹುದು ಅಂತಾಯಿತು. ದುಡಿಯುವ ವಯಸ್ಸಿನ ಒಬ್ಬರು ತೀರಿಕೊಂಡರೆ ಪರಿಹಾರ ಎಷ್ಟೋ ಲಕ್ಷಗಳಲ್ಲಿ ಇರುತ್ತೆ. ವಸೂಲಿ ಅಂದರೆ ನಿಮ್ಮ ಗಾಡಿ, ನಿಮ್ಮ ಹೆಸರಲ್ಲಿರುವ ಜಮೀನು, ಮನೆ. ಸಂತ್ರಸ್ತರಿಗೆ ಹಣ ಸಿಗಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ 17,500 ಉಳಿಸೋಕೆ ಹೋದ 24ರ ಹುಡುಗ ಅಪ್ಪ ಮಾಡಿಟ್ಟ ಎರಡು ಎಕರೆಯನ್ನು ಪಣಕ್ಕೆ ಇಡ್ತಿದ್ದಾನೆ ಅನ್ನೋದು ಅವನಿಗೇ ಗೊತ್ತಿರೋದಿಲ್ಲ. ನೆಂಟರ ವಿಳಾಸ ಕೊಟ್ಟು ತೆರಿಗೆ ಕಮ್ಮಿ ಇರುವ ಕಡೆ ನೋಂದಣಿ ಮಾಡಿಸುವವರಿಗೂ ಇದೇ ಮಾತು. ನೀವು ವಾಸವಿರುವ ಅಥವಾ ವ್ಯವಹಾರ ಮಾಡುವ, ಗಾಡಿ ಸಾಮಾನ್ಯವಾಗಿ ನಿಲ್ಲುವ ರಾಜ್ಯದಲ್ಲೇ ನೋಂದಣಿ ಆಗಬೇಕು ಅಂತ ಕಾಯ್ದೆ ಹೇಳುತ್ತೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ನಂಬರೇ ಬದಲಾಗಬೇಕು.

ಲೈಸೆನ್ಸ್ ವಿಷಯದಲ್ಲಿ ಮಾತ್ರ ಇತ್ತೀಚೆಗೆ ಒಳ್ಳೆ ಸುದ್ದಿಗಳಿವೆ. 7,500 ಕಿಲೋ ಒಳಗಿನ ಸರಕು ಗಾಡಿ ಓಡಿಸೋಕೆ ಎಲ್‌ಎಂವಿ ಲೈಸೆನ್ಸ್ ಸಾಕು, ಬೇರೆ ಬ್ಯಾಡ್ಜ್ ಬೇಕಿಲ್ಲ ಅಂತ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದೆ. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನೋ ಷರತ್ತನ್ನು 2019ರಲ್ಲೇ ತೆಗೆದುಹಾಕಿದರು. ವಯಸ್ಸು ಮಾತ್ರ 20 ತುಂಬಿರಲೇಬೇಕು. ಹದಿನೆಂಟು ಸಾಕು ಅಂತ ತಮ್ಮನ ಕೈಗೆ ಸ್ಟೇರಿಂಗ್ ಕೊಡಬೇಡಿ.

ಇನ್ನು "ಲೋಕಲ್" ಅನ್ನೋ ಪದದ ಬಗ್ಗೆ ಎರಡು ಮಾತು. ಕಾನೂನು ಸ್ಥಳೀಯರಿಗೆ ಅಂತ ಕೆಲವು ರಿಯಾಯಿತಿ ಇಟ್ಟಿದೆ, ಆದರೆ ನಮ್ಮನ್ನು ಸ್ಥಳೀಯರು ಅಂತ ಒಪ್ಪೋದಿಲ್ಲ. ತಲಪಾಡಿ ಟೋಲ್ ನೋಡಿ. ರಾಷ್ಟ್ರೀಯ ಹೆದ್ದಾರಿ ಶುಲ್ಕದ 2008ರ ನಿಯಮಗಳಲ್ಲಿ, ಪ್ಲಾಜಾ ಇರುವ ಜಿಲ್ಲೆಯಲ್ಲೇ ನೋಂದಣಿಯಾದ, ನ್ಯಾಷನಲ್ ಪರ್ಮಿಟ್ ಇಲ್ಲದ ವಾಣಿಜ್ಯ ವಾಹನಕ್ಕೆ ಅರ್ಧ ದರದ ಏರ್ಪಾಡಿದೆ. ತಲಪಾಡಿ ಪ್ಲಾಜಾ ಇರುವುದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ನೂರು ಕಿಲೋಮೀಟರ್ ಆಚೆಯ ಸುಬ್ರಹ್ಮಣ್ಯದವನ ಗಾಡಿ ಅಲ್ಲಿ ಲೋಕಲ್. ಕೂಗಳತೆಯಲ್ಲಿರುವ ಮಂಜೇಶ್ವರದವನು ಪರದೇಶಿ, ಪೂರ್ತಿ ಕಟ್ಟಬೇಕು.

ಇ-ವೇ ಬಿಲ್‌ನದ್ದೂ ಹೀಗೇ. 2018ರ ಏಪ್ರಿಲ್ 1ರಿಂದ, 50,000 ರೂಪಾಯಿ ಮೀರಿದ ತೆರಿಗೆ ಸರಕು ರಾಜ್ಯದ ಗಡಿ ದಾಟಬೇಕಾದರೆ ಇ-ವೇ ಬಿಲ್ ಬೇಕು. ರಾಜ್ಯದ ಒಳಗೇ ಆದರೆ, ವ್ಯಾಪಾರಿಯ ಅಂಗಡಿಯಿಂದ ಟ್ರಾನ್ಸ್‌ಪೋರ್ಟ್‌ನವರ ಜಾಗಕ್ಕೆ 50 ಕಿಲೋಮೀಟರ್ ಒಳಗೆ ಸಾಗಿಸುವಾಗ ಗಾಡಿ ನಂಬರಿನ ಭಾಗ ತುಂಬದಿದ್ದರೂ ನಡೆಯುತ್ತೆ. ಗಡಿ ದಾಟಿದರೆ ಐದು ಕಿಲೋಮೀಟರಿಗೂ ತುಂಬಲೇಬೇಕು. ಒಣ ಅಡಿಕೆ ಒಯ್ಯುವವರು ಇದನ್ನು ಬರೆದಿಟ್ಟುಕೊಳ್ಳಿ, ಬಿಲ್ ಇಲ್ಲದೆ ಹಿಡಿದರೆ ತೆರಿಗೆಯ ಎರಡರಷ್ಟು ದಂಡ. ಹಾಲು, ಹಸಿ ತರಕಾರಿ, ಹಣ್ಣು ಒಯ್ಯುವವರಿಗೆ ಇದರ ಚಿಂತೆಯಿಲ್ಲ, ಅವಕ್ಕೆ ಇ-ವೇ ಬಿಲ್ ಬೇಡ. ಗೊತ್ತಿಲ್ಲದಿದ್ದರೆ ಯಾರೋ ಟೊಮೆಟೊಗೂ ಬಿಲ್ ಕೇಳಿ ಹೆದರಿಸ್ತಾರೆ. ಮರ, ಕಲ್ಲು, ಮರಳು ತುಂಬುವವರಿಗೆ ಅರಣ್ಯ ಇಲಾಖೆ, ಗಣಿ ಇಲಾಖೆಯ ಪಾಸ್ ಬೇರೆಯೇ ಬೇಕು.

ಕಾಡಿನ ದಾರಿಯವರಿಗೆ ಕಾಗದದ ಜೊತೆ ಗಡಿಯಾರವೂ ನೋಡಬೇಕು. ಗುಂಡ್ಲುಪೇಟೆ–ಸುಲ್ತಾನ್ ಬತ್ತೇರಿ, ಗುಂಡ್ಲುಪೇಟೆ–ಊಟಿ ಎರಡೂ ಹೆದ್ದಾರಿಗಳು ಬಂಡೀಪುರದೊಳಗೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಬಾವಲಿ ದಾರಿ ಸಂಜೆ 6ಕ್ಕೇ ಮುಚ್ಚುತ್ತೆ. ದಿಂಬಂ ಘಟ್ಟದಲ್ಲೂ ಮದ್ರಾಸ್ ಹೈಕೋರ್ಟ್ ಆದೇಶದಿಂದ 2022ರ ಫೆಬ್ರವರಿಯಿಂದ ರಾತ್ರಿ ನಿರ್ಬಂಧವಿದೆ. ಆನೆಗಳಿಗೂ ರಾತ್ರಿ ಬೇಕು, ಇದರ ವಿರುದ್ಧ ನಮ್ಮ ವಾದವೇನಿಲ್ಲ. ಲೋಡು ಒಪ್ಪಿಕೊಳ್ಳುವಾಗ ಸಮಯ ಲೆಕ್ಕ ಹಾಕಿ, ಅಷ್ಟೇ.

ಸಾರಿಗೆ ಚೆಕ್‌ಪೋಸ್ಟುಗಳನ್ನು ಒಂದೊಂದಾಗಿ ಮುಚ್ಚುವ ಮಾತು ಹಲವು ರಾಜ್ಯಗಳಲ್ಲಿ ನಡೀತಿದೆ. ಕರ್ನಾಟಕದ ಲಾರಿ ಮಾಲೀಕರು 2025ರ ಏಪ್ರಿಲ್ ಮುಷ್ಕರದಲ್ಲಿ ಇಟ್ಟ ಬೇಡಿಕೆಗಳಲ್ಲೂ ಅದಿತ್ತು. ಒಳ್ಳೇದೇ. ಆದರೆ ಪೋಸ್ಟ್ ಮುಚ್ಚಿದರೆ ಪರ್ಮಿಟ್ ಬೇಡ ಅಂತ ಅರ್ಥ ಅಲ್ಲ. ಹಗ್ಗ ಕಟ್ಟಿ ನಿಲ್ಲಿಸುವ ಬದಲು ಕ್ಯಾಮೆರಾ ನಂಬರ್ ಓದುತ್ತೆ, ಚಲನ್ ಮೊಬೈಲಿಗೆ ಬರುತ್ತೆ. ಹೊರರಾಜ್ಯದ ಗಾಡಿಗಳ ತೆರಿಗೆಯನ್ನು ಪರಿವಾಹನ್ ಪೋರ್ಟಲ್‌ನಲ್ಲಿ ಹೊರಡುವ ಮುಂಚೆಯೇ ಕಟ್ಟಿ ರಸೀದಿ ಇಟ್ಟುಕೊಳ್ಳಬಹುದು. ಡಿಜಿಲಾಕರ್, ಎಂಪರಿವಾಹನ್‌ನಲ್ಲಿರುವ ಆರ್‌ಸಿ, ಪರ್ಮಿಟ್, ಇನ್ಶೂರೆನ್ಸ್‌ಗೆ ಅಸಲಿ ಕಾಗದದಷ್ಟೇ ಬೆಲೆ ಅಂತ 2018ರಲ್ಲೇ ಕೇಂದ್ರ ನಿಯಮಕ್ಕೆ ಸೇರಿಸಿದ್ದಾರೆ. "ಒರಿಜಿನಲ್ ಎಲ್ಲಿ" ಅಂತ ಗದರಿದರೆ ಫೋನ್ ತೋರಿಸಿ. ರಸೀದಿ ಇಲ್ಲದ ದುಡ್ಡು ಕೊಡಬೇಡಿ. ಕಾಗದ ಸರಿ ಇದ್ದವನಿಗಷ್ಟೇ ಈ ಧೈರ್ಯ ಬರೋದು.

ಈಗ ನಾವು ಹೇಳಬೇಕಾದ ಮುಖ್ಯ ಮಾತು. ಗಡಿ ಸೊಟ್ಟಗಿದೆ ಅನ್ನೋದು ಕಾನೂನು ಮಾಡಿದವರಿಗೆ ಗೊತ್ತಿರಲಿಲ್ಲ ಅಂತಲ್ಲ. 88ನೇ ಕಲಮಿನಲ್ಲೇ ಒಂದು ವಿನಾಯಿತಿ ಇದೆ: ಹೊರಡುವ ಊರು, ತಲುಪುವ ಊರು ಎರಡೂ ಒಂದೇ ರಾಜ್ಯದಲ್ಲಿದ್ದು, ನಡುವೆ 16 ಕಿಲೋಮೀಟರ್ ಮೀರದಷ್ಟು ದಾರಿ ಬೇರೆ ರಾಜ್ಯದಲ್ಲಿ ಹಾದುಹೋದರೆ ಕೌಂಟರ್‌ಸೈನ್ ಬೇಕಿಲ್ಲ. ತುಮಕೂರು ಜಿಲ್ಲೆಯ ಪಾವಗಡಕ್ಕೆ ಜಿಲ್ಲೆಯ ಉಳಿದ ಭಾಗದ ಜೊತೆ ನೆಲದ ಸಂಪರ್ಕವೇ ಇಲ್ಲ, ನಡುವೆ ಆಂಧ್ರ ಇದೆ. ಇಂಥ ಭೂಗೋಳ ಇರುವ ದೇಶದಲ್ಲಿ ಈ ವಿನಾಯಿತಿ ಬೇಕೇ ಬೇಕು. ಹಾಗಾದರೆ ಉಲ್ಟಾ ಕೇಳೋಣ. ಪರರಾಜ್ಯದಲ್ಲಿ 16 ಕಿಲೋಮೀಟರ್ ಓಡಿ ದಾಟಿಹೋಗುವ ಲಾರಿಗೆ ಸಹಿ ಬೇಡ ಅಂದಮೇಲೆ, ಅಷ್ಟೇ ದೂರ ಓಡಿ ಅಲ್ಲಿಯ ಮಂಡಿಯಲ್ಲಿ ಸರಕು ಇಳಿಸಿ ವಾಪಸ್ ಬರುವ ನಮ್ಮ ಪಿಕಪ್ಪಿಗೆ ಯಾಕೆ ಬೇಕು? ಸವೆಯುವ ರಸ್ತೆ ಅದೇ, ಓಡುವ ದೂರ ಅದೇ.

ಇದಕ್ಕೆ ಹೊಸ ಕಾಯ್ದೆ ಬರುವವರೆಗೂ ಕಾಯಬೇಕಿಲ್ಲ. 87ನೇ ಕಲಂ ಹಂಗಾಮಿನ ವ್ಯಾಪಾರಕ್ಕೆ ನಾಲ್ಕು ತಿಂಗಳವರೆಗೆ ತಾತ್ಕಾಲಿಕ ಪರ್ಮಿಟ್ ಕೊಡಬಹುದು ಅನ್ನುತ್ತೆ. ಆಚೆ ರಾಜ್ಯದ ಪ್ರಾಧಿಕಾರ "ಸಾಮಾನ್ಯವಾಗಿ" ಒಪ್ಪಿಗೆ ಕೊಟ್ಟಿದ್ದರೆ, ನಿಮ್ಮ ಆರ್‌ಟಿಒ ಕೊಡುವ ಆ ತಾತ್ಕಾಲಿಕ ಪರ್ಮಿಟ್ ಅಲ್ಲಿಯೂ ನಡೆಯುತ್ತೆ ಅಂತ 88ರ 7ನೇ ಉಪಕಲಂ ಹೇಳುತ್ತೆ. ಪ್ರತಿ ಗಾಡಿಗೂ ಬೇರೆ ಬೇರೆ ಒಪ್ಪಿಗೆ ಬೇಕಿಲ್ಲ, ಒಂದೇ ಸಲದ ಒಪ್ಪಿಗೆ ಸಾಕು. ಕರ್ನಾಟಕ ಈ ಒಪ್ಪಿಗೆಯನ್ನು ತನ್ನ ಗಡಿಗೆ ತಾಗಿದ ತಾಲ್ಲೂಕುಗಳ ಸಣ್ಣ ಗಾಡಿಗಳಿಗೆ ಕೊಡಲಿ, ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಗೋವಾ ತಮ್ಮ ಕಡೆಯಿಂದ ಕೊಡಲಿ. ಅಡಿಕೆ ಕೊಯ್ಲಿಗೆ, ಹತ್ತಿಗೆ, ಶುಂಠಿಗೆ, ಟೊಮೆಟೊಗೆ ನಾಲ್ಕು ತಿಂಗಳು ಧಾರಾಳ. ಗಡಿನಾಡ ಕನ್ನಡಿಗರಿಗೆ ಏನು ಮಾಡಬೇಕು ಅಂತ ಬೆಂಗಳೂರಿನಲ್ಲಿ ಆಗಾಗ ಸಭೆ ಸೇರುವವರ ಮೇಜಿನ ಮೇಲೆ ಈ ಒಂದು ಹಾಳೆ ಇಡಬೇಕು. ಶಾಲು, ಹಾರಕ್ಕಿಂತ ಇದು ಹೊಟ್ಟೆಗೆ ಹತ್ತಿರದ ವಿಷಯ. ಗಡಿ ಅಂದರೆ ಆಚೆಯವರು ಮಾತ್ರ ಹಾಕಿದ್ದೂ ಅಲ್ಲ. 2020ರ ಮಾರ್ಚ್‌ನಲ್ಲಿ ಕಾಸರಗೋಡಿನ ದಾರಿಗಳಿಗೆ ಮಣ್ಣು ಸುರಿದದ್ದು ಕರ್ನಾಟಕವೇ.

ನಾವು ಮಾತಾಡೋಕೆ ಜಾಗವೂ ಇದೆ. ರಾಜ್ಯಗಳ ನಡುವೆ ಪರ್ಮಿಟ್ ಸಂಖ್ಯೆಯ ಒಪ್ಪಂದ ಆಗುವಾಗ ಅದರ ಪ್ರಸ್ತಾವವನ್ನು ಎರಡೂ ಸರ್ಕಾರಗಳು ಗೆಜೆಟ್‌ನಲ್ಲಿ ಮತ್ತು ಆ ಭಾಗದಲ್ಲಿ ಓದುವ ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಜನರಿಂದ ಮನವಿ ಕರೆಯಬೇಕು, ವಿಚಾರಣೆಗೆ ಕನಿಷ್ಠ 30 ದಿನ ಬಿಡಬೇಕು. ಇದು 88ರ 5ನೇ ಉಪಕಲಂ. ಬಸ್ ಮಾಲೀಕರು, ದೊಡ್ಡ ಲಾರಿ ಸಂಘದವರು ಇದನ್ನು ತಪ್ಪದೆ ನೋಡ್ತಾರೆ, ವಕೀಲರನ್ನು ಇಟ್ಟು ಮನವಿ ಹಾಕ್ತಾರೆ. ಒಂದೇ ಪಿಕಪ್ ಇರುವ ಪೈವಳಿಕೆಯ ಹುಡುಗನ ಪರವಾಗಿ ಹಾಕುವವರು ಬೇಕಲ್ಲ.

ಮನವಿ ಕನ್ನಡದಲ್ಲೇ ಬರೆಯಿರಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕೇರಳದವರಿಗೆ 1969ರ ರಾಜಭಾಷಾ ಕಾಯ್ದೆಯೂ ಇದೆ, ಕನ್ನಡ ಅಲ್ಪಸಂಖ್ಯಾತರು ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದು. ಅರ್ಥವಾಗದ ಭಾಷೆಯ ನೋಟಿಸಿಗೆ ಸಹಿ ಹಾಕಿ ಬಂದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಬೇರೇನೂ ಬರೆಯದಿದ್ದರೂ ಪತ್ರದಲ್ಲಿ ಮೂರು ವಿಷಯ ಬರೆಯಿರಿ: ನಿಮ್ಮ ಊರಿಂದ ಆಚೆಯ ಮಂಡಿಗೆ ಎಷ್ಟು ಕಿಲೋಮೀಟರ್, ವರ್ಷದಲ್ಲಿ ಎಷ್ಟು ಸಲ, ಯಾವ ಸರಕು. ಒಂದು ಪ್ರತಿ ನಿಮ್ಮ ರಾಜ್ಯದ ಸಾರಿಗೆ ಪ್ರಾಧಿಕಾರಕ್ಕೆ, ಇನ್ನೊಂದು ಬೆಂಗಳೂರಿನ ಸಾರಿಗೆ ಪ್ರಾಧಿಕಾರಕ್ಕೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.